ವಾಲುತ್ತಿದ್ದ ಲೋಟದ ಬಾಯಿ ಸರಿಹೋದದ್ದು ಹೀಗೆ

ಮಲಗಿಸಿಟ್ಟ ಸ್ಟೀಲ್ ಲೋಟ, ಸ್ಕೂಟರ್ ಚಕ್ರ, ಯಾವುದರ ಚಿತ್ರ ಬರೆದರೂ ದೀರ್ಘವೃತ್ತ, ಅಂದರೆ ಓರೆಯಾಗಿ ನೋಡಿದಾಗ ಚಪ್ಪಟೆಯಾಗಿ ಕಾಣುವ ವೃತ್ತ, ಸೊಟ್ಟಗಾಗುತ್ತಿತ್ತು. ಗೆರೆಯೂ ತುಂಡು ತುಂಡು. ದುಬಾರಿ ಪೆನ್ನು, ಪಿಂಟರೆಸ್ಟ್ ನೋಡಿ ನಕಲು, ದೀರ್ಘವೃತ್ತದ ತೂತುಗಳಿರುವ ಟೆಂಪ್ಲೇಟು ಯಾವುದೂ ಕೆಲಸಕ್ಕೆ ಬರಲಿಲ್ಲ. ರಬ್ಬರಂತೂ ಪಕ್ಕದಲ್ಲಿದ್ದಷ್ಟೂ ಕೈ ಅಳುಕುತ್ತದೆ, ಎತ್ತಿಡಿ.

ಕ್ರಮ ಬದಲಿಸಿದ ಮೇಲೆ ಸರಿಹೋಯಿತು. ಎ3 ಹಾಳೆ, ಸಾದಾ ಬಾಲ್‌ಪೆನ್ ಸಾಕು. ಮೊದಲು ಲೋಟದ ನಟ್ಟನಡುವೆ ಉದ್ದಕ್ಕೆ ಹಾಯುವ ಗೆರೆಯನ್ನು ತೆಳ್ಳಗೆ ಎಳೆಯಿರಿ. ಚಕ್ರಕ್ಕಾದರೆ ಆಕ್ಸಲ್‌ನ ಗೆರೆ. ದೀರ್ಘವೃತ್ತದ ಗಿಡ್ಡ ಅಕ್ಷ (ಅದರ ಕಿರಿದಾದ ಅಗಲದ ನಡುಗೆರೆ) ಇದರ ಮೇಲೆಯೇ ಕೂರಬೇಕು, ಉದ್ದದ ಅಕ್ಷ ಅದಕ್ಕೆ 90 ಡಿಗ್ರಿ. ನಾಲ್ಕು ತುದಿಗೂ ಚುಕ್ಕಿ ಇಡಿ. ಮಣಿಕಟ್ಟು ಅಲುಗಿಸದೆ, ಭುಜದಿಂದ ಕೈಯಾಡಿಸುತ್ತ, ಪೆನ್ನು ತಾಗಿಸದೆ ಎರಡು ಸುತ್ತು ಗಾಳಿಯಲ್ಲೇ ಬರೆಯಿರಿ. ಅದೇ ವೇಗದಲ್ಲಿ ಹಾಳೆಗಿಳಿಸಿ ಇನ್ನೆರಡು ಸುತ್ತು, ನಡುವೆ ನಿಲ್ಲಿಸಬೇಡಿ. ಬಾಯಿ ನಿಮ್ಮತ್ತ ಇದ್ದರೆ, ದೂರದ ತಳದ ವೃತ್ತ ಅದಕ್ಕಿಂತ ತುಸು ದುಂಡಗಿರಲಿ.