ಫೊಕಾಚ್ಚ ಮೇಲೆ ಹಿತಕಿದ ಬೇಳೆ
ಇಟಲಿಯ ಜಿನೋವಾ ಕಡೆ ಫೊಕಾಚ್ಚ ಅನ್ನೋ ಚಪ್ಪಟೆ ಬ್ರೆಡ್ಡಿಗೆ ಈರುಳ್ಳಿ ಹಾಕ್ತಾರೆ, ಮೈಸೂರಲ್ಲಿ ಅವರೆ ಸೀಸನ್ ಬಂದ್ರೆ ದೇವರಾಜ ಮಾರ್ಕೆಟ್ಟಿಂದ ಸೊಗಡಿರೋ ಕಾಯಿ ತಂದು ಹಿತಕಿದ ಬೇಳೆ ಹಾಕಿ ನೋಡಿ.

500 ಗ್ರಾಂ ಮೈದಾ, 380 ಎಂಎಲ್ ಉಗುರುಬೆಚ್ಚಗಿನ ನೀರು, ಒಂದು ಟೀಸ್ಪೂನ್ ಡ್ರೈ ಈಸ್ಟ್, 10 ಗ್ರಾಂ ಉಪ್ಪು ಕಲಸಿ ಮುಚ್ಚಿಡಿ. ಕೈಗೆ ಅಂಟುತ್ತೆ, ಅಂಟ್ಲಿ ಬಿಡಿ, ಚಪಾತಿ ಹಿಟ್ಟಿನ ಥರ ಗಟ್ಟಿ ಮಾಡೋಕೆ ಹೋಗ್ಬೇಡಿ. ಎರಡರಷ್ಟು ಉಬ್ಬಿದ್ಮೇಲೆ ಆಲಿವ್ ಎಣ್ಣೆ ಧಾರಾಳವಾಗಿ ಸುರಿದಿರೋ ಟ್ರೇಗೆ ಹಾಕಿ ಅರ್ಧ ಗಂಟೆ ಬಿಟ್ಟು, ಬೆರಳು ತಳ ಮುಟ್ಟೋ ಹಾಗೆ ಗುಳಿ ಒತ್ತಿ.

ಬೇಳೇನ ಉಪ್ಪುನೀರಲ್ಲಿ ಮುಕ್ಕಾಲು ಬೇಯಿಸ್ಲೇಬೇಕು, ಹಸೀದು ಹಾಕಿದ್ರೆ ಓವನ್ನಲ್ಲಿ ಒಣಗಿ ಕಲ್ಲಾಗತ್ತೆ, ಬಸಿದು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಣ್ಣೇಲಿ ಹೊರಳಿಸಿ ಗುಳಿಯೊಳಗೆ ಕೂರಿಸಿ. 220 ಡಿಗ್ರೀಲಿ 20-25 ನಿಮಿಷ, ತಳ ಗರಿಗರಿ ಆಗ್ಬೇಕು. ಚೀಸ್ ಮಾತ್ರ ಬೇಡ, ಸೊಗಡೇ ಮುಚ್ಚೋಗತ್ತೆ.