ಎಣಿಸಿದ್ದನ್ನು ಪಕ್ಕಕ್ಕೆ ಸರಿಸು

ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆಯ ಚಿಕ್ಕ ಶಾಲೆ. ಜಾಸ್ತಿ ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲುಮನೆಗಳಿಂದ ಬರುತ್ತಾರೆ. ಒಬ್ಬರ ಮನೆಮಾತು ಯರವ, ಇನ್ನೊಬ್ಬರದು ಮಲಯಾಳ, ಮತ್ತೊಬ್ಬರದು ಅಸ್ಸಾಮಿ. ಒಂದನೇ ಕ್ಲಾಸಿಗೆ ಬಂದಾಗ ನಾನಾಡುವ ಕನ್ನಡವೇ ಎಷ್ಟೋ ಮಕ್ಕಳಿಗೆ ಹೊಸದು. ಹಳೆ ವಿದ್ಯಾರ್ಥಿಯೊಬ್ಬರು ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೊಟ್ಟಾಗ ನಾನು ಹುಡುಕಿದ್ದು ಮಾತು ಕಡಿಮೆ ಇರುವ, ಇಂಟರ್ನೆಟ್ ಬೇಡದ ಆಟಗಳನ್ನು. ಮಳೆಗಾಲ ಹಿಡಿದರೆ ನಮ್ಮಲ್ಲಿ ನೆಟ್ ಹಾಗಿರಲಿ, ಕರೆಂಟೇ ಗ್ಯಾರಂಟಿ ಇಲ್ಲ ಅಲ್ವಾ?

ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ ಮಕ್ಕಳಿಗೆಂದೇ ಮಾಡಿದ ಮೂರು ತಂತ್ರಾಂಶ ತುಂಬಿಸಿಕೊಂಡೆ: ಕಲಿಕೆಯ ಆಟಗಳ ಕಟ್ಟು ಜಿಕಾಂಪ್ರಿ, ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಲೆಕ್ಕದ ಆಟ ಟಕ್ಸ್ ಮ್ಯಾತ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಜಿಕಾಂಪ್ರಿ 2000ದಲ್ಲಿ ಶುರುವಾದದ್ದು, 2ರಿಂದ 10 ವರ್ಷದವರಿಗೆ. ಅದರಲ್ಲಿ 100ಕ್ಕೂ ಹೆಚ್ಚು ಆಟಗಳಿವೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಮಕ್ಕಳು ಸುಮ್ನೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಾರೆ. ಸೆಟ್ಟಿಂಗ್‌ನಲ್ಲಿ ಕಷ್ಟದ ಮಟ್ಟವನ್ನು ನಕ್ಷತ್ರ ಲೆಕ್ಕದಲ್ಲಿ ಕಡಿಮೆ ಮಾಡಬಹುದು. ನಾನು ಮೊದಲು ಮಾಡುವ ಕೆಲಸವೇ ಅದು.

ಮೌಸ್ ಹಿಡಿದು ರೂಢಿಯಿಲ್ಲದವರಿಗೆ ಮೊದಲು ಅಳಿಸುವ ಆಟ. ಮೌಸ್ ಆಡಿಸಿದರೆ ಮೇಲಿನ ಪದರ ಅಳಿಸಿ, ಕೆಳಗಿನ ಚಿತ್ರ ಕಾಣುತ್ತದೆ. ತಪ್ಪು ಅಂತ ಒಂದಿಲ್ಲವಾದ್ದರಿಂದ ಯಾರೂ ಹೆದರುವುದಿಲ್ಲ.

ಆಮೇಲೆ ನನಗೆ ತುಂಬಾ ಇಷ್ಟವಾದ ಎಣಿಸುವ ಆಟ. ಪರದೆ ತುಂಬ ಹಣ್ಣುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಎಳೆದು ಎಲ್ಲಿ ಬೇಕಾದರೂ ಇಡಬಹುದು. ಎಣಿಸಿ ಸಂಖ್ಯೆ ಒತ್ತಬೇಕು. ಒಂದನೇ ಕ್ಲಾಸಿನವರಿಗೆ ಒಂದು, ಎರಡು, ಮೂರು ಬಾಯಿಪಾಠ ಬರುತ್ತದೆ. ಆದರೆ ಒಂದೇ ಹಣ್ಣನ್ನು ಎರಡು ಸಲ ಎಣಿಸುತ್ತಾರೆ, ಇನ್ನೊಂದನ್ನು ಬಿಟ್ಟೇ ಬಿಡುತ್ತಾರೆ. ಎಣಿಸಿದ್ದನ್ನು ಪಕ್ಕಕ್ಕೆ ಸರಿಸಿದರೆ ಗೊಂದಲವಿಲ್ಲ ಅನ್ನುವುದನ್ನು ಕೆಲವರು ತಾವೇ ಕಂಡುಕೊಳ್ಳುತ್ತಾರೆ. ಕಂಡುಕೊಳ್ಳದವರಿಗೂ ನಾನು ಹೇಳಿಕೊಡುವುದಿಲ್ಲ. ಒಂದು ಲ್ಯಾಪ್‌ಟಾಪಿಗೆ ಇಬ್ಬರನ್ನು ಕೂರಿಸುತ್ತೇನೆ, ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರು ಎಣಿಸಬೇಕು. ಜಗಳವಾಡುತ್ತಾ "ಏಯ್, ಅದು ಆಯ್ತು, ಆಚೆ ಇಡು" ಅನ್ನುತ್ತಾರೆ. ಅದೂ ಕನ್ನಡದಲ್ಲಿ! ಇಬ್ಬರ ಮನೆಮಾತೂ ಬೇರೆ ಇದ್ದಾಗ ಜಗಳಕ್ಕೆ ಕನ್ನಡವೇ ಬೇಕಲ್ಲ. ಅದಕ್ಕೇ ಜೋಡಿ ಮಾಡುವಾಗ ಒಂದೇ ಲೈನಿನವರನ್ನು ಬೇರೆ ಮಾಡುತ್ತೇನೆ.

ಅದೇ ವಾರ ಜಗಲಿಯಲ್ಲಿ ಒಣಗಿದ ಕಾಫಿ ಕಾಯಿ ಸುರಿದು ಎಣಿಸಲು ಹೇಳುತ್ತೇನೆ. ಪರದೆಯಲ್ಲಿ ಸರಿಸಿದ ಕೈ ಇಲ್ಲೂ ಸರಿಸುತ್ತದಾ ಅಂತ ನೋಡುತ್ತೇನೆ. ಸರಿಸದಿದ್ದರೆ ಆ ಮಗು ಆಟದಲ್ಲಿ ಗೆದ್ದಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಟಕ್ಸ್ ಪೇಂಟ್ ಅಕ್ಷರಕ್ಕೆ. ದಪ್ಪ ಬ್ರಷ್‌ನಲ್ಲಿ 'ರ', 'ಗ' ಬರೆಯುವುದು, ಅಷ್ಟೇ. ಉಳಿಸುವಾಗ ಹೆಸರು ಕೇಳುವುದಿಲ್ಲ, ಓದಲು ಬಾರದವರಿಗೆ ಅದೇ ದೊಡ್ಡ ಅನುಕೂಲ.

ಟಕ್ಸ್ ಮ್ಯಾತ್ ಮಾತ್ರ ಮೂರನೇ ಕ್ಲಾಸಿನವರೆಗೆ ಕೊಡುವುದಿಲ್ಲ. ಮೇಲಿಂದ ಉಲ್ಕೆ ಬೀಳುವಷ್ಟರಲ್ಲಿ ಉತ್ತರ ಒತ್ತಬೇಕು. ಕೂಡುವುದು ಗೊತ್ತಿರುವವರಿಗೆ ಅದು ಖುಷಿ. ಗೊತ್ತಿಲ್ಲದವರು ಯಾವುದೋ ಕೀ ಕುಟ್ಟುತ್ತಾರೆ.

ಪೋಷಕರ ಸಭೆಯಲ್ಲಿ "ಟೀಚರ್, ಮೊಬೈಲಲ್ಲೇ ಹಾಕಿಕೊಡಿ" ಅಂತ ಕೇಳುತ್ತಾರೆ. ಜಿಕಾಂಪ್ರಿ ಆಂಡ್ರಾಯ್ಡ್‌ನಲ್ಲೂ ಸಿಗುತ್ತದೆ, ಹಾಕಿಕೊಡುತ್ತೇನೆ. ಜೊತೆಗೆ ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕೂತು ಎಣಿಸಬೇಕು ಅಂತ ಹೇಳಿ ಕಳಿಸುತ್ತೇನೆ.