ಟ್ರೆಡ್‌ಮಿಲ್ ಹೇಳಿದ ಲೆಕ್ಕ, ನಾನು ತಿಂದ ಲೆಕ್ಕ

ಆರು ವಾರ. ವಾರಕ್ಕೆ 5 ದಿನ, ದಿನಕ್ಕೆ ಒಂದು ಗಂಟೆ ಟ್ರೆಡ್‌ಮಿಲ್. ಒಂದು ದಿನವೂ ಚಕ್ಕರ್ ಹಾಕಿರಲಿಲ್ಲ. ಆರನೇ ವಾರದ ಕೊನೆಗೆ ತೂಕದ ಮೆಷಿನ್ ಮೇಲೆ ನಿಂತೆ. 86.3 ಕಿಲೋ. ಶುರು ಮಾಡಿದ ದಿನ 86 ಇತ್ತು. ಬ್ಯಾಟರಿ ವೀಕ್ ಆಗಿರಬೇಕು ಅಂತ ಹೊಸದು ಹಾಕಿ ಮತ್ತೆ ನಿಂತೆ. ಆಗಲೂ 86.3. ಬೆಟ್ಟ ಅಗೆದು ಇಲಿ ಹಿಡಿದವರಿಗೆ ಕೊನೆಗೆ ಇಲಿಯಾದರೂ ಸಿಗುತ್ತದೆ.

ಆಗ ನನಗೆ 42 ವರ್ಷ. ಎತ್ತರ 172 ಸೆಂ.ಮೀ. ಇಡೀ ದಿನ ಕುರ್ಚಿ ಮೇಲೆ ಕೂತು ಮಾಡುವ ಕೆಲಸ. ಊಟವನ್ನೂ ಕಡಿಮೆ ಮಾಡಿದ್ದೆ, ಅಂದರೆ ಹಾಗಂತ ಅಂದುಕೊಂಡಿದ್ದೆ. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ 1,700 ಕ್ಯಾಲೊರಿ ಅಂತ ಗುರಿ ಇಟ್ಟಿದ್ದೆ. ಟ್ರೆಡ್‌ಮಿಲ್ ಇಳಿಯುವಾಗ ಪರದೆ ಮೇಲೆ 420 ಅಂತ ಬರುತ್ತಿತ್ತು. ಅದನ್ನು ಆ್ಯಪ್‌ಗೆ ಹಾಕಿದರೆ ಸಾಕು, ಇವತ್ತು 2,120 ತಿನ್ನಬಹುದು ಅಂತ ತೋರಿಸುತ್ತಿತ್ತು. ನಾನೂ ಒಂದನ್ನೂ ಬಿಡದೆ ತಿನ್ನುತ್ತಿದ್ದೆ. ಬೆವರು ಸುರಿಸಿ ದುಡಿದ ಕ್ಯಾಲೊರಿ ತಾನೇ, ಖರ್ಚು ಮಾಡೋಕೆ ಹಕ್ಕಿದೆ ಅಲ್ವಾ?

ಎಡವಟ್ಟು ಆಗಿದ್ದು ಅಲ್ಲೇ. ಒಂದು ಭಾನುವಾರ ಕೂತು ಆ 420ರ ಲೆಕ್ಕ ತೆಗೆದೆ. ಸುಮ್ನೆ ಕೂತಿದ್ದರೂ ದೇಹ ತನ್ನ ತೂಕದ ಪ್ರತಿ ಕಿಲೋಗೆ ಗಂಟೆಗೆ ಹೆಚ್ಚುಕಮ್ಮಿ 1 ಕ್ಯಾಲೊರಿ ಸುಡುತ್ತದೆ. ಇದಕ್ಕೆ 1 ಮೆಟ್ ಅನ್ನುತ್ತಾರೆ. ಗಂಟೆಗೆ 5 ಕಿ.ಮೀ. ವೇಗದ ನಡಿಗೆ ಅಂದರೆ ಸುಮಾರು 3.5 ಮೆಟ್. ನನ್ನ 86 ಕಿಲೋಗೆ ಗುಣಿಸಿದರೆ 301. ಅದರಲ್ಲೂ 86 ನಾನು ಸೋಫಾ ಮೇಲೆ ಬಿದ್ದುಕೊಂಡಿದ್ದರೂ ಖರ್ಚಾಗುತ್ತಿತ್ತು. ನಡೆದದ್ದಕ್ಕೆ ಅಂತ ಜಾಸ್ತಿ ಸುಟ್ಟಿದ್ದು ಬರೀ 215. ಮೆಷಿನ್ ಹೇಳಿದ್ದರ ಅರ್ಧ! ಅದೂ ನಾನು ಹಿಡಿಕೆ ಹಿಡಿದುಕೊಂಡು ನಡೆಯುತ್ತಿದ್ದೆ. ಮೈ ಭಾರ ಕೈ ಮೇಲೆ ಬಿಟ್ಟರೆ ಸುಡುವುದು ಇನ್ನೂ ಕಡಿಮೆ.

ಇನ್ನೊಂದು ವಿಷಯ ಮೊಬೈಲ್‌ನಿಂದ ಗೊತ್ತಾಯಿತು. ಟ್ರೆಡ್‌ಮಿಲ್ ಮೇಲಿದ್ದಾಗ ಫೋನನ್ನು ಮುಂದಿನ ತಟ್ಟೆಯಲ್ಲಿ ಇಡುತ್ತಿದ್ದೆ. ಹಾಗಾಗಿ ಅದು ಎಣಿಸುತ್ತಿದ್ದದ್ದು ದಿನದ ಉಳಿದ ಓಡಾಟ ಮಾತ್ರ. ವ್ಯಾಯಾಮ ಇಲ್ಲದ ದಿನ 6,500 ಹೆಜ್ಜೆ. ವ್ಯಾಯಾಮ ಮಾಡಿದ ದಿನ 3,800. ಬೆಳಿಗ್ಗೆ ನಡೆದಾಯ್ತಲ್ಲ ಅಂತ ಲಿಫ್ಟ್ ಹತ್ತುತ್ತಿದ್ದೆ, ನೀರು ಬೇಕಾದರೆ ಮಗನನ್ನು ಕೂಗುತ್ತಿದ್ದೆ. ಒಂದು ಕೈಯಲ್ಲಿ ದುಡಿದದ್ದನ್ನು ಇನ್ನೊಂದು ಕೈಯಲ್ಲಿ ಕಳೆಯೋದು ಅಂದರೆ ಇದೇ.

ಇನ್ನು ತಿನ್ನುವ ಕಡೆ. ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದೆ. ಗ್ರಾಂ ತೋರಿಸುವಂಥದ್ದು. ಸಂಜೆ ತಿನ್ನುವ ಕಡಲೆಬೀಜವನ್ನು ಆ್ಯಪ್‌ನಲ್ಲಿ "ಒಂದು ಹಿಡಿ, 100 ಕ್ಯಾಲೊರಿ" ಅಂತ ಬರೆಯುತ್ತಿದ್ದೆ. ನನ್ನ ಹಿಡಿಯನ್ನು ತಕ್ಕಡಿ ಮೇಲೆ ಸುರಿದರೆ 45 ಗ್ರಾಂ. ಅಂದರೆ 250ರ ಮೇಲೆ. ನನ್ನ ಕೈ ಇಷ್ಟು ದೊಡ್ಡದು ಅಂತ ಅವತ್ತೇ ಗೊತ್ತಾಗಿದ್ದು.

ಎಣ್ಣೆಯನ್ನು ಅಳೆಯೋಕೆ ಒಂದು ಸುಲಭ ದಾರಿ ಸಿಕ್ಕಿತು. ಒಗ್ಗರಣೆಗೆ ಮುಂಚೆ ಬಾಟಲಿಯನ್ನೇ ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡೋದು. ಎಂದಿನ ಹಾಗೆ ಬಾಣಲೆಗೆ ಸುರಿಯೋದು. ಬಾಟಲಿ ವಾಪಸ್ ಇಟ್ಟಾಗ ಮೈನಸ್‌ನಲ್ಲಿ ಕಾಣುವುದೇ ಬಾಣಲೆಗೆ ಹೋದ ಎಣ್ಣೆ. ರಾತ್ರಿ ನನ್ನೊಬ್ಬನ ತರಕಾರಿ ಬಾಡಿಸೋಕೆ ಹಾಕಿದ್ದು 27 ಗ್ರಾಂ. ಕೊಬ್ಬು ಒಂದು ಗ್ರಾಂಗೆ 9 ಕ್ಯಾಲೊರಿ. 243 ಆಯಿತು. ಆ್ಯಪ್‌ನಲ್ಲಿ ನಾನು ಬರೆದದ್ದು "ಒಂದು ಚಮಚ, 40". ಒಂದು ಗಂಟೆ ನಡೆದು ಸುಟ್ಟದ್ದಕ್ಕಿಂತ ಜಾಸ್ತಿ ಬಾಟಲಿ ಬಗ್ಗಿಸಿದ ಮೂರು ಸೆಕೆಂಡಿನಲ್ಲಿ ಬಾಣಲೆಗೆ ಬಿದ್ದಿತ್ತು.

"ಏನ್ರೀ, ಅಡುಗೆಮನೆನ ಚಿನ್ನದಂಗಡಿ ಮಾಡಿಬಿಟ್ರಲ್ಲ!" ಅಂದಳು ಹೆಂಡತಿ. ಎರಡು ವಾರ ಮಾತ್ರ ತೂಗುತ್ತೇನೆ, ಕಣ್ಣಿಗೆ ಅಳತೆ ಕೂತ ಮೇಲೆ ಬಿಡುತ್ತೇನೆ ಅಂದೆ. ಬೇರೆ ಎಲ್ಲದಕ್ಕೂ ಆ ಮಾತು ಉಳಿಸಿಕೊಂಡೆ. ಎಣ್ಣೆಯ ವಿಷಯದಲ್ಲಿ ಮಾತ್ರ ಆಗಲಿಲ್ಲ.

ನಾನೊಬ್ಬನೇ ಹೀಗಲ್ಲ ಅಂತ ಆಮೇಲೆ ಓದಿ ಸಮಾಧಾನ ಆಯಿತು. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. 1,200ಕ್ಕಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವವರನ್ನು ಪರೀಕ್ಷಿಸಿದ್ದರು. ಅವರು ಹೇಳಿದ ಲೆಕ್ಕ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಇತ್ತು. ವ್ಯಾಯಾಮದ ಲೆಕ್ಕ 51% ಜಾಸ್ತಿ. ಯಾರೂ ಬೇಕೆಂದೇ ಸುಳ್ಳು ಹೇಳಿದ್ದರು ಅಂತ ನನಗನ್ನಿಸುವುದಿಲ್ಲ. ನಾನೂ ಹೇಳಿರಲಿಲ್ಲ.

ಎಲ್ಲ ಹೊಸದಾಗಿ ಶುರು ಮಾಡಿದೆ. ಸುಮ್ನೆ ಬಿದ್ದುಕೊಂಡಿದ್ದರೂ ದೇಹ ದಿನಕ್ಕೆ ಎಷ್ಟು ಕ್ಯಾಲೊರಿ ಸುಡುತ್ತದೆ ಅಂತ ಅಂದಾಜು ಮಾಡೋಕೆ ಮಿಫ್ಲಿನ್–ಸೇಂಟ್ ಜಿಯೋರ್ ಅಂತ 1990ರ ಒಂದು ಸೂತ್ರ ಇದೆ. ತೂಕಕ್ಕೆ 10, ಎತ್ತರದ ಸೆಂಟಿಮೀಟರಿಗೆ 6.25 ಗುಣಿಸಿ ಕೂಡಬೇಕು. ವಯಸ್ಸಿನ 5 ಪಟ್ಟು ಕಳೆಯಬೇಕು. ಗಂಡಸರಾದರೆ 5 ಕೂಡಬೇಕು, ಹೆಂಗಸರಾದರೆ 161 ಕಳೆಯಬೇಕು. ನನಗೆ 1,730 ಬಂತು. ಕೂತು ಕೆಲಸ ಮಾಡುವವನಾದ್ದರಿಂದ ಅದಕ್ಕೆ 1.2 ಗುಣಿಸಿದರೆ, ವ್ಯಾಯಾಮ ಬಿಟ್ಟು ಇಡೀ ದಿನದ ಖರ್ಚು 2,076. ಇದು ಅಂದಾಜು ಅಷ್ಟೇ, ಒಬ್ಬೊಬ್ಬರಿಗೂ ಹೆಚ್ಚುಕಮ್ಮಿ ಆಗುತ್ತದೆ. ಊಟವನ್ನು 1,750ಕ್ಕೆ ನಿಲ್ಲಿಸಿದೆ. ಆ್ಯಪ್‌ನಲ್ಲಿ ವ್ಯಾಯಾಮ ಬರೆಯುವುದನ್ನೇ ಬಿಟ್ಟೆ. ನಡೆದ ದಿನವೂ 1,750, ನಡೆಯದ ದಿನವೂ 1,750. ನಡಿಗೆಯಿಂದ ಸುಟ್ಟಿದ್ದು ಸುಟ್ಟ ಹಾಗೇ ಇರಲಿ, ಅದಕ್ಕೆ ಕೈ ಹಾಕಬಾರದು ಅಂತ.

ವಾರದ 5 ದಿನದ ನಡಿಗೆಯನ್ನೂ ಏಳು ದಿನಕ್ಕೆ ಹಂಚಿ ಸೇರಿಸಿದರೆ ದಿನಕ್ಕೆ ಹೆಚ್ಚುಕಮ್ಮಿ 480 ಕೊರತೆ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಸುಮಾರು 16 ದಿನಕ್ಕೆ ಒಂದು ಕಿಲೋ ಇಳಿಯಬೇಕು. ಮೊದಲ ವಾರವೇ 1.8 ಕಿಲೋ ಇಳಿಯಿತು! ಕುಣಿದಾಡಿದೆ. ಅದರಲ್ಲಿ ಬಹುಪಾಲು ನೀರು. ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಅಂಶ ಒಂದು ಗ್ರಾಂ ಕರಗಿದರೆ ಅದರ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಮೂರನೇ ವಾರ ಒಂದು ಮದುವೆ ಊಟ ಮುಗಿಸಿ ಬಂದ ಮಾರನೇ ದಿನ 1.2 ಕಿಲೋ ಏರಿತ್ತು. ಅದೂ ಉಪ್ಪು, ನೀರಿನ ಆಟವೇ. ಅಲ್ಲಿಂದ ದಿನಾ ಬೆಳಿಗ್ಗೆ ತೂಕ ನೋಡಿ, ವಾರದ ಸರಾಸರಿಯನ್ನು ಮಾತ್ರ ನಂಬಲು ಶುರು ಮಾಡಿದೆ.

ಆತುರವೂ ಬಂತು. ಎರಡನೇ ತಿಂಗಳಲ್ಲಿ 1,400ಕ್ಕೆ ಇಳಿಸಿ ನೋಡಿದೆ. ಹತ್ತು ದಿನ ನಡೆಯಿತು. ಆರನೇ ದಿನದಿಂದ ಸಿಟ್ಟು, ರಾತ್ರಿ ಮೂರಕ್ಕೆ ಎಚ್ಚರ. ಟ್ರೆಡ್‌ಮಿಲ್ ಮೇಲೆ ಕಾಲು ಎಳೆದುಕೊಂಡು ನಡೆಯುತ್ತಿದ್ದೆ. ಹತ್ತನೇ ರಾತ್ರಿ ದೀಪವನ್ನೂ ಹಾಕದೆ ಫ್ರಿಜ್ ಮುಂದೆ ನಿಂತು ತಿಂದದ್ದನ್ನು ಯಾವ ಆ್ಯಪ್‌ನಲ್ಲೂ ಬರೆದಿಲ್ಲ. ಮಾರನೇ ದಿನವೇ 1,750ಕ್ಕೆ ವಾಪಸ್ ಬಂದೆ. ಊಟ ಅತಿಯಾಗಿ ಕಡಿಮೆ ಮಾಡಿದರೆ ಮೊದಲು ಕೈಕೊಡುವುದು ವ್ಯಾಯಾಮ ಅಂತ ನನ್ನ ಮೈ ಹೇಳಿತು. (ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಇಂಥ ಪ್ರಯೋಗಕ್ಕೆ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ತೀರಾ ಇಳಿದುಬಿಡಬಹುದು.)

ಹಸಿವಿಗೆ ಕೆಲಸ ಮಾಡಿದ್ದು ಪ್ರೊಟೀನ್. ಕ್ಯಾಲೊರಿ ಅಷ್ಟೇ ಇಟ್ಟು ಮೊಟ್ಟೆ, ಮೊಸರು, ಬೇಳೆಕಾಳು ಜಾಸ್ತಿ ಮಾಡಿದೆ. ಟ್ರೆಡ್‌ಮಿಲ್ ಅನ್ನು 3 ದಿನಕ್ಕೆ ಇಳಿಸಿ ಉಳಿದ 2 ದಿನ ಭಾರ ಎತ್ತಲು ಶುರು ಮಾಡಿದೆ. ಅದರಲ್ಲಿ ಸುಡುವ ಕ್ಯಾಲೊರಿ ಹೆಚ್ಚೇನಿಲ್ಲ. ಆದರೆ ಕೊರತೆಯಲ್ಲಿರುವ ಮೈ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಅದನ್ನು ತಡೆಯೋಕೆ ಇದು ಬೇಕು. ಮೊದಲೇ ಶುರು ಮಾಡಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಸೊಂಟದ ಅಳತೆ ಬೇಗ ಇಳಿದದ್ದು ಆಮೇಲೆಯೇ.

79 ಕಿಲೋ ಹತ್ತಿರ ತೂಕ ನಾಲ್ಕು ವಾರ ಕದಲಲಿಲ್ಲ. ಸೂತ್ರವನ್ನು ಮತ್ತೆ ಹಾಕಿದರೆ 2,076 ಇದ್ದದ್ದು 1,992 ಆಗಿತ್ತು. ಹೊರುವ ಭಾರ ಕಡಿಮೆಯಾದ್ದರಿಂದ ಅದೇ ಒಂದು ಗಂಟೆ ನಡಿಗೆಗೂ 215ರ ಬದಲು 197. ಇದಿಷ್ಟೇ ಇರಲಾರದು ಅಂತ ಅನುಮಾನ ಬಂದು ಬಾಟಲಿಯನ್ನು ಮತ್ತೆ ತಕ್ಕಡಿ ಮೇಲೆ ಇಟ್ಟೆ. 9 ಗ್ರಾಂಗೆ ಇಳಿಸಿಕೊಂಡಿದ್ದ ಎಣ್ಣೆ ಸದ್ದಿಲ್ಲದೆ 21ಕ್ಕೆ ಹೋಗಿತ್ತು. ಅದನ್ನು ಮತ್ತೆ ಇಳಿಸಿದೆ, ಬೇರೆ ಏನನ್ನೂ ಬದಲಿಸಲಿಲ್ಲ.

ಎಂಟು ತಿಂಗಳಿಗೆ 77 ಆಯಿತು. ಈಗಲೂ ಅಲ್ಲೇ ಆಸುಪಾಸು ಇದ್ದೇನೆ. ಟ್ರೆಡ್‌ಮಿಲ್ ಹತ್ತಿದ ತಕ್ಷಣ ಟವೆಲ್ ತೆಗೆದು ಅದರ ಪರದೆ ಮೇಲೆ ಹಾಕುತ್ತೇನೆ. ಬೆವರು ಒರೆಸಿಕೊಳ್ಳೋಕೆ ಇನ್ನೊಂದು ಟವೆಲ್ ತಂದಿರುತ್ತೇನೆ.